ಹಸಿರು ಪರದೆಯ ಹಿಂದಿನವಳು

ಹಂಸಿನಿ ಈಗ ಮೈಸೂರಿನಲ್ಲಿ ಪಾಠ ಮಾಡುತ್ತಾಳೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಬರೆದ ಚಿತ್ರಗಳಲ್ಲಿ ಯಾರ ಮೈಬಣ್ಣವನ್ನು ಹೇಗೆ ತೋರಿಸಿದರು, ಹೆಂಗಸರನ್ನು ಎಲ್ಲಿ ನಿಲ್ಲಿಸಿದರು, ಯಾರ ಹೆಸರನ್ನು ಕೆಳಗೆ ಬರೆದರು, ಯಾರದ್ದನ್ನು ಬಿಟ್ಟರು ಎಂಬುದು ಅವಳ ವಿಷಯ. ಅದರ ಮೇಲೆ ಡಾಕ್ಟರೇಟ್ ಆಗಿದೆ. ತಾನು ಚಿತ್ರ ಬರೆಯುವುದನ್ನೂ ಬಿಟ್ಟಿಲ್ಲ. ಮಡಿಕೇರಿಯಲ್ಲಿ ಅವಳನ್ನು ಬಲ್ಲ ಅರ್ಧ ಜನಕ್ಕೆ, ಒಳ್ಳೆಯ ಸರ್ಕಾರಿ ಕೆಲಸದಲ್ಲಿದ್ದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂಬ ಅನುಮಾನ ಇನ್ನೂ ಹೋಗಿಲ್ಲ. ಅದರಲ್ಲಿ ಏನೋ ಒಳಗಿನ ವಿಷಯ ಇದೆ ಎಂದೇ ಅವರ ನಂಬಿಕೆ.

ನಾವಿಬ್ಬರೂ ಒಂದೇ ಹೈಸ್ಕೂಲಿನಲ್ಲಿದ್ದವರು. ನಾನು ಕನ್ನಡ, ಅವಳು ಡ್ರಾಯಿಂಗ್. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಹಾಗಾಗಿ ಒಳಗಿನ ವಿಷಯ ನನಗೆ ಗೊತ್ತು.

ಅವಳ ತಂದೆ ಜನಾರ್ದನ ಮೇಷ್ಟ್ರು ಕೂಡ ಡ್ರಾಯಿಂಗ್ ಮೇಷ್ಟ್ರೇ. ಅರ್ಚಕರ ಮನೆತನದಲ್ಲಿ ಹುಟ್ಟಿ, ಪೂಜೆಯನ್ನು ಅಣ್ಣಂದಿರಿಗೆ ಬಿಟ್ಟು ಬ್ರಷ್ಷು ಹಿಡಿದವರು. ಊರಿನ ಶಾಲೆಗಳ ನಾಟಕದ ಪರದೆಗಳು, ದಸರಾ ಮಂಟಪಗಳ ದೇವರುಗಳು, ಅಂಗಡಿಗಳ ಬೋರ್ಡುಗಳು, ಎಲ್ಲಕ್ಕೂ ಒಂದು ಕಾಲದಲ್ಲಿ ಅವರೇ. ಮಗಳನ್ನು ಚಿತ್ರಕಲೆ ಕಲಿಯಲು ಮೈಸೂರಿಗೆ ಕಳಿಸಿದವರೂ ಅವರೇ. ಅಲ್ಲಿ ಹಂಸಿನಿ ಒಬ್ಬ ಹಿರಿಯರ ಕೈಕೆಳಗೆ ಹಳೆಯ ತೈಲಚಿತ್ರಗಳನ್ನು ಶುಚಿ ಮಾಡುವ ಕೆಲಸವನ್ನೂ ಕಲಿತುಕೊಂಡಳು. ಹೊಗೆ, ಧೂಳು, ಹಳದಿಗಟ್ಟಿದ ವಾರ್ನಿಷ್ ತೆಗೆದು ಕೆಳಗಿನ ಬಣ್ಣ ಕಾಣುವಂತೆ ಮಾಡುವುದು. ಕೊಡಗಿನಲ್ಲಿ ಆ ಕೆಲಸ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಹಳೆಯ ಬಂಗಲೆಗಳವರು ಆಗೀಗ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು.

ಚೇತನ್‌ಕುಮಾರ್ ಬಂದದ್ದೂ ಹಾಗೆಯೇ. ಸುಂಟಿಕೊಪ್ಪದಿಂದ ಹಾರಂಗಿಯ ಕಡೆಗೆ ಇಳಿಯುವ ದಾರಿಯಲ್ಲಿ ಅವನ ಕಾಫಿ ಎಸ್ಟೇಟು. ಅವನ ಮುತ್ತಜ್ಜ ಸೋಮವಾರಪೇಟೆ ಕಡೆಯ ವ್ಯಾಪಾರಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಊರು ಬಿಟ್ಟು ಹೊರಟ ಬಿಳಿಯ ದೊರೆಯೊಬ್ಬನಿಂದ ತೋಟ, ಬಂಗಲೆ, ಬಂಗಲೆಯೊಳಗಿನ ಸಾಮಾನು ಎಲ್ಲವನ್ನೂ ಸೇರಿಸಿ ಕೊಂಡಿದ್ದರು. ಆ ಸಾಮಾನಿನಲ್ಲಿ ಹಾಲಿನ ಗೋಡೆಯ ಮೇಲಿದ್ದ ದೊಡ್ಡ ಚಿತ್ರವೂ ಒಂದು. ಚೇತನ್‌ಕುಮಾರ್ ಬಂಗಲೆಯನ್ನು ಹೋಂಸ್ಟೇ ಮಾಡಿದ್ದ. ಚಿತ್ರ ಕಪ್ಪಾಗಿದೆ, ತೊಳೆದು ಕೊಡಬೇಕು ಎಂದ. ದಸರಾ ರಜೆಯಲ್ಲಿ ಹಂಸಿನಿ ಹೋದಳು.

ಚಿತ್ರದಲ್ಲಿ ಬೆತ್ತದ ಕುರ್ಚಿಯ ಮೇಲೆ ಒಬ್ಬಳು ದೊರೆಸಾನಿ. ಪಕ್ಕದ ಎತ್ತರದ ಪೀಠದ ಮೇಲೆ ಬಿಳಿ ಫ್ರಾಕು ತೊಟ್ಟ, ಇನ್ನೂ ನೆಟ್ಟಗೆ ಕೂರಲು ಬಾರದ ಮಗು. ಅವರ ಹಿಂದೆ ಉದ್ದಕ್ಕೂ ಹಸಿರು ಪರದೆ. ಮೊದಲ ದಿನ ಹೊಗೆಯ ಪದರ ಒರೆಸುವಾಗ ಹಂಸಿನಿಗೆ ಮಗುವಿನ ಸೊಂಟದ ಹತ್ತಿರ ಒಂದು ಕೈ ಕಂಡಿತು. ದೊರೆಸಾನಿಯ ಒಂದು ಕೈಯಲ್ಲಿ ಬೀಸಣಿಗೆ ಇತ್ತು, ಇನ್ನೊಂದು ಮಡಿಲಲ್ಲಿತ್ತು. ಇದು ಮೂರನೆಯದು. ಕಂದುಬಣ್ಣದ, ಬೆರಳು ಅಗಲಿಸಿ ಮಗುವನ್ನು ಹಿಡಿದ ಕೈ. ಮಣಿಕಟ್ಟಿನವರೆಗೆ ಇದ್ದು, ಅಲ್ಲಿಂದ ಪರದೆಯ ಮಡಿಕೆಯೊಳಗೆ ಹೋಗಿಬಿಟ್ಟಿತ್ತು.

ಚೇತನ್‌ಕುಮಾರನನ್ನು ಕೇಳಿದಳು. ಆಗಿನ ಕಾಲದಲ್ಲಿ ಚಿತ್ರ ಬರೆಸುವಾಗ ಆಯಾಗಳು ಪರದೆಯ ಹಿಂದೆ ಅಡಗಿ ಮಗುವನ್ನು ಹಿಡಿದುಕೊಳ್ಳುತ್ತಿದ್ದರಂತೆ ಎಂದ. ಮಾರನೆಯ ದಿನ ಅವನೇ ಹೋಂಸ್ಟೇಗೆ ಬಂದ ಬೆಂಗಳೂರಿನವರಿಗೆ ಅದು ದೆವ್ವದ ಕೈ ಎಂದು ಕತೆ ಕಟ್ಟುತ್ತಿದ್ದುದನ್ನು ಅವಳು ಕೇಳಿಸಿಕೊಂಡಳು. ಮೂರನೆಯ ದಿನ ಬಂದು, ಯಾರೋ ಪೇಂಟರು ತಪ್ಪು ಮಾಡಿ ಬರೆದಿರಬೇಕು, ಒಬ್ಬಳು ಗೆಸ್ಟು ಹೆದರಿ ರೂಮು ಖಾಲಿ ಮಾಡಿದಳು, ಅದನ್ನೂ ಹಸಿರು ಬಳಿದು ಮುಚ್ಚಿಬಿಡಿ ಮೇಡಂ ಎಂದ.

ಒಂದೇ ಕೈಗೆ ಒಬ್ಬನೇ ಮನುಷ್ಯ ಮೂರು ಕಾರಣ ಹೇಳಿದ್ದು ಹಂಸಿನಿಯ ಮನಸ್ಸಿನಲ್ಲಿ ಉಳಿಯಿತು. ಅವಳು ಪರದೆಯನ್ನು ಹತ್ತಿರದಿಂದ ನೋಡಿದಳು. ದೊರೆಸಾನಿಯ ಮುಖದ ಮೇಲೆ, ಕುರ್ಚಿಯ ಮೇಲೆ ಬಣ್ಣ ಸಣ್ಣದಾಗಿ ಬಿರುಕು ಬಿಟ್ಟಿತ್ತು. ಮಗುವಿನ ಹಿಂದಿನ ಪರದೆಯಲ್ಲಿ ಮಾತ್ರ ಬಿರುಕಿರಲಿಲ್ಲ. ಅಲ್ಲಿಯ ಹಸಿರು ಬೇರೆ ಹಸಿರು. ಮೂಲೆಯೊಂದರಲ್ಲಿ ಹತ್ತಿಯ ಉಂಡೆಗೆ ದ್ರಾವಣ ಅದ್ದಿ ಮೆಲ್ಲಗೆ ಉಜ್ಜಿದಳು. ಹಸಿರು ಹತ್ತಿಗೆ ಬಂತು. ಕೆಳಗೆ ಹಳೆಯ ವಾರ್ನಿಷ್, ಅದರ ಕೆಳಗೆ ಬಿಳಿ ಬಟ್ಟೆ, ಬಟ್ಟೆಗೆ ಕೆಂಪು ಅಂಚು. ಸೀರೆಯ ಅಂಚು.

ಅವಳು ಅಲ್ಲಿಗೇ ನಿಲ್ಲಿಸಿದಳು. ಹಸಿರಾದ ಹತ್ತಿಯನ್ನು ಕಸದ ಬುಟ್ಟಿಗೆ ಹಾಕದೆ ಬ್ಯಾಗಿನಲ್ಲಿ ಇಟ್ಟುಕೊಂಡಳು. ಆ ಜಾಗಕ್ಕೆ ಬಟ್ಟೆ ಇಳಿಬಿಟ್ಟಳು. ಯಾಕೆ ಹಾಗೆ ಮಾಡಿದೆ ಎಂದು ನಾನು ಆಮೇಲೆ ಕೇಳಿದ್ದೆ. ಯಾರೋ ಕಷ್ಟಪಟ್ಟು ಒಬ್ಬಳನ್ನು ಮುಚ್ಚಿದ್ದಾರೆ, ಮುಚ್ಚಿದವರು ಈ ಮನೆಯಲ್ಲೇ ಇದ್ದರೆ ನಾನು ನೋಡಿದ್ದು ಅವರಿಗೆ ಗೊತ್ತಾಗಬಾರದು ಅನ್ನಿಸಿತು ಎಂದಳು.

ಆವತ್ತಿನಿಂದ ಅವಳಿಗೆ ಎಲ್ಲರ ಮೇಲೂ ಕಣ್ಣು. ಎಸ್ಟೇಟಿನ ರೈಟರ್ ಶ್ರೀರಾಮ್, ಅಂದರೆ ತೋಟದ ಲೆಕ್ಕ ನೋಡುವವನು, ಏನೂ ಕೆಲಸವಿಲ್ಲದೆ ಹಾಲಿಗೆ ಬಂದು, ಎಷ್ಟಾಯ್ತು ಮೇಡಂ ಎಂದು ಕೇಳಿ ಹೋಗುತ್ತಿದ್ದ. ಅವನನ್ನು ಯಜಮಾನ ಕಳಿಸುತ್ತಾನೆ ಎಂದು ಹಂಸಿನಿಗೆ ಅನುಮಾನ. ರಜೆ ಮುಗಿದ ಮೇಲೂ ಶನಿವಾರ ಮಧ್ಯಾಹ್ನ, ಭಾನುವಾರ ಹೋಗತೊಡಗಿದಳು. ನಾನು ಬೇಡವೆಂದೆ. ದೊಡ್ಡವರ ಮನೆಯ ಹಳೆಯ ವಿಷಯ, ಒರೆಸಿ ಕೊಟ್ಟು ಬಾ ಎಂದೆ. ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನನಗೂ ಆ ಮನೆಯವರಿಗೂ ಏನಾದರೂ ಪರಿಚಯ ಇದೆಯೇ ಎಂದು ಕೇಳುವ ಹಾಗಿತ್ತು.

ಅವಳು ಮನಸ್ಸಿನಲ್ಲಿ ಕಟ್ಟಿಕೊಂಡ ಕತೆ ಸ್ಪಷ್ಟವಾಗಿತ್ತು. ದೊರೆಯ ಮನೆಯ ಆಯಾ. ಅವಳಿಗೆ ಏನೋ ಆಗಿದೆ, ಏನೋ ಮಾಡಿದ್ದಾರೆ. ಅದಕ್ಕೇ ದೊರೆಯೋ ದೊರೆಸಾನಿಯೋ ಅವಳನ್ನು ಅಳಿಸಿ ಹಾಕಿಸಿದ್ದಾರೆ. ಮೈಸೂರಿನ ಗೆಳತಿಯರಿಂದ ಪುಸ್ತಕ ತರಿಸಿಕೊಂಡಳು. ಮಕ್ಕಳನ್ನು ನೋಡಿಕೊಳ್ಳಲೆಂದು ಹಡಗಿನಲ್ಲಿ ಇಂಗ್ಲೆಂಡಿಗೆ ಕರೆದೊಯ್ದು, ಅಲ್ಲಿ ದಾರಿಯಲ್ಲಿ ಬಿಟ್ಟುಬಿಟ್ಟ ಆಯಾಗಳ ಬಗ್ಗೆ ಓದಿದಳು. ದೊರೆಗಳು ತಮ್ಮ ಚಿತ್ರ ಬರೆಸಿಕೊಳ್ಳುವಾಗ ತಮ್ಮ ಬಿಳುಪು ಎದ್ದು ಕಾಣಲೆಂದು ಪಕ್ಕದಲ್ಲಿ ಕಪ್ಪು ಆಳನ್ನು ನಿಲ್ಲಿಸಿಕೊಳ್ಳುತ್ತಿದ್ದ ಪದ್ಧತಿಯ ಬಗ್ಗೆ ಓದಿದಳು. ಹಂಸಿನಿಗೆ ತಾಯಿ ಪದ್ಮಾಕ್ಷಿಯವರ ಬಣ್ಣ, ಅಚ್ಚ ಬಿಳುಪು. ಬಣ್ಣದ ವಿಷಯ ಅವಳಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ, ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆದಿಟ್ಟು ಅದನ್ನೇ ಓದುತ್ತ ಕೂರುತ್ತಿದ್ದಳು. ಹೆಡ್‌ಮಾಸ್ಟರು ನನ್ನನ್ನು ಕರೆದು, ಹಂಸಿನಿ ಯಾವುದಾದರೂ ಸಂಘಟನೆಗೆ ಸೇರಿದ್ದಾರಾ ಎಂದು ವಿಚಾರಿಸಿದರು.

ಎಸ್ಟೇಟಿನ ಕೆಲಸಗಾರರ ಸಾಲುಮನೆಗಳನ್ನು ಎಲ್ಲರೂ ಲೈನು ಎನ್ನುತ್ತಾರೆ. ತಲೆತಲಾಂತರದಿಂದ ಅಲ್ಲಿದ್ದವರಿಗೆ ಆಯಾಳ ವಿಷಯ ಗೊತ್ತಿರಬಹುದೆಂದು ಒಂದು ಭಾನುವಾರ ಹಂಸಿನಿ ಲೈನಿಗೆ ಹೋದಳು. ಬಾಗಿಲಲ್ಲಿ ಸಿಕ್ಕವಳು ವನಜಮ್ಮ, ಐವತ್ತು ದಾಟಿದ ಹೆಂಗಸು. ಹಂಸಿನಿ ಆಯಾಳ ಮಾತೆತ್ತಿದಳು. ವನಜಮ್ಮ ಒಳಗೆ ಕರೆಯಲಿಲ್ಲ.

"ನಿಮ್ಮನ್ನ ಕಳಿಸಿದ್ದು ಯಾರು? ರೈಟರಾ, ಸಾಹುಕಾರರಾ?"

ಯಾರೂ ಅಲ್ಲ ಎಂದಳು ಹಂಸಿನಿ.

"ಯಾರೂ ಕಳಿಸದೆ ಇಲ್ಲಿಗೆ ಯಾರೂ ಬರಲ್ಲ ಮೇಡಂ. ಹೋದ ವರ್ಷ ಒಬ್ಬರು ಬಂದಿದ್ರು, ನಿಮ್ಮ ಹಾಗೇ ನಗ್ತಾ ಮಾತಾಡಿದ್ರು. ನಾನು ಹಣ್ಣು ಕುಯ್ತಾ ಇರೋ ಫೋಟೋ ತೆಗೆದ್ರು. ಈಗ ನೋಡಿ, ಗೇಟಲ್ಲಿ ನಿಂತಿದೀನಿ."

ಗೇಟಿನ ಹೋಂಸ್ಟೇ ಬೋರ್ಡಿನ ಮೇಲೆ ಕಾಫಿ ಹಣ್ಣಿನ ಬುಟ್ಟಿ ಹಿಡಿದು ನಗುತ್ತಿದ್ದ ಹೆಂಗಸನ್ನು ಹಂಸಿನಿ ವಾರವಾರವೂ ದಾಟಿ ಬಂದಿದ್ದಳು. ಅದು ವನಜಮ್ಮ ಎಂದು ಅವಳಿಗೆ ಹೊಳೆದಿರಲಿಲ್ಲ. ಕ್ಷಮೆ ಕೇಳಬೇಕೆನ್ನಿಸಿತು. ಆದರೆ ಯಾವುದಕ್ಕೆಂದು ಕೇಳುವುದು ಎಂದು ತಿಳಿಯದೆ ನಿಂತಿರುವಾಗ ವನಜಮ್ಮ ಒಳಗೆ ಹೋದಳು. ಅಂದೇ ಸಂಜೆ ಶ್ರೀರಾಮ್ ಬಂದು, ಲೈನಿಗೆ ಹೋಗಿದ್ದಿರಂತೆ ಎಂದ.

ಬಂಗಲೆಯಲ್ಲಿ ಅವಳನ್ನು ಗಮನಿಸುತ್ತಿದ್ದವರು ಇನ್ನೊಬ್ಬರಿದ್ದರು. ಚೇತನ್‌ಕುಮಾರನ ಅಜ್ಜಿ ಮಹಾದೇವಮ್ಮ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬೆನ್ನು ಬಾಗದ ಮುದುಕಿ. ಹೋಂಸ್ಟೇಯ ಜನ ಬಂದರೆ ಹಿಂದಿನ ಕೋಣೆಗೆ ಸೇರಿಕೊಳ್ಳುತ್ತಿದ್ದವರು, ಹಂಸಿನಿ ಬಂದ ದಿನ ಮಾತ್ರ ಹಾಲಿನಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಚಿತ್ರದ ಕಡೆ ತಲೆಯೆತ್ತುತ್ತಿರಲಿಲ್ಲ. ಹಂಸಿನಿಯ ಕೈಯನ್ನೇ ನೋಡುತ್ತಿದ್ದರು. ಮೊಮ್ಮಗ ಕಾವಲಿಗೆ ಕೂರಿಸಿದ್ದಾನೆ ಎಂದು ಹಂಸಿನಿ ಅವರಿಗೂ ಬೆನ್ನು ಕೊಟ್ಟು ಕೆಲಸ ಮಾಡುತ್ತಿದ್ದಳು. ಒಂದು ದಿನ ಅವರು ತಾವಾಗಿ ಮಾತಾಡಿದರು.

"ನೀನು ಜನಾರ್ದನ ಮೇಷ್ಟ್ರ ಮಗಳಲ್ವೇನವ್ವಾ?"

ಹಂಸಿನಿ ಅಲ್ಲಿ ಯಾರಿಗೂ ತಂದೆಯ ಹೆಸರು ಹೇಳಿರಲಿಲ್ಲ. ಹೌದು, ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ಮುದುಕಿ ಮೊರ ಎತ್ತಿಕೊಂಡು ಒಳಗೆ ಹೋದರು.

ಮನೆಗೆ ಬಂದು ಊಟಕ್ಕೆ ಕೂತಾಗ ಹಂಸಿನಿ ತಂದೆಯನ್ನು ಕೇಳಿದಳು, ಸುಂಟಿಕೊಪ್ಪದ ಕೆಳಗಿನ ಆ ಬಂಗಲೆ ನಿಮಗೆ ಗೊತ್ತಾ ಅಪ್ಪ ಎಂದು. ಅಲ್ಲಿ ಒಂದು ದೊಡ್ಡ ಚಿತ್ರ ಶುಚಿ ಮಾಡುತ್ತಿದ್ದೇನೆ ಎಂದಷ್ಟೇ ಹೇಳಿದಳು. ಮೇಷ್ಟ್ರಿಗೆ ಆಗ ಎಪ್ಪತ್ತೈದರ ಮೇಲೆ. ಕಿವಿ ಸ್ವಲ್ಪ ಮಂದ. ಆದರೆ ಇದು ಸರಿಯಾಗಿ ಕೇಳಿಸಿತು. ಕನ್ನಡಕ ತೆಗೆದು ಒರೆಸಿದರು.

"ಪರದೆ ಮುಟ್ಟಲಿಕ್ಕೆ ನಿನಗೆ ಯಾರು ಹೇಳಿದ್ದು?"

ಹಂಸಿನಿ ಪರದೆಯ ಮಾತು ಆಡಿರಲೇ ಇಲ್ಲ.

ಪದ್ಮಾಕ್ಷಿಯಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದರು. "ಊಟದ ಹೊತ್ತಿಗೆ ಎಂತದ್ದು ಅದು, ಮೊದಲು ಉಣ್ಣಿ" ಎಂದು ಇಬ್ಬರಿಗೂ ಬಡಿಸಿದರು. ಮರುದಿನ ಹಂಸಿನಿ ಮತ್ತೆ ಕೇಳಿದಾಗ, ಅದು ನನ್ನ ವಿಷಯ ಅಲ್ಲ, ಹೇಳಬೇಕಾದವರನ್ನು ಕೇಳು ಎಂದರು.

ಆ ವಾರ ಅವಳು ಸ್ಟಾಫ್ ರೂಮಿನಲ್ಲಿ ಕೂತದ್ದು ನನಗೆ ನೆನಪಿದೆ. ದೊರೆಗಳ ಮೇಲೆ ಅನುಮಾನ ಪಡುವುದು ಸುಲಭವಾಗಿತ್ತು ಅಕ್ಕ, ಅವರು ಯಾರೂ ಇಲ್ಲ ಎಂದಳು. ಈಗ ತನಗೆ ಬಣ್ಣ ಕಲಸುವುದನ್ನು ಕಲಿಸಿದ ಮನುಷ್ಯ ಯಾರದ್ದೋ ಪಾಪವನ್ನು ಮುಚ್ಚಿಕೊಟ್ಟಿದ್ದಾನೆಯೇ ಎಂಬ ಪ್ರಶ್ನೆ. ಆ ಹಸಿರು ದೊರೆಯ ಕಾಲದ್ದಲ್ಲ, ಆಮೇಲಿನದು ಎಂದಾಯಿತು. ಅಂದರೆ ಆಯಾಳಿಗೆ ಏನು ಆಗಿದ್ದರೂ ಅದು ಚೇತನ್‌ಕುಮಾರನ ಮನೆಯವರ ಕಾಲದಲ್ಲಿ ಆಗಿರಬೇಕು. ಹೀಗೆ ಅವಳ ಯೋಚನೆ ಓಡುತ್ತಿತ್ತು. ತಂದೆಯ ಜೊತೆ ಮಾತು ಕಡಿಮೆ ಮಾಡಿದಳು. ಅವರೂ ಮಗಳ ಬ್ಯಾಗನ್ನು ಅನುಮಾನದಿಂದ ನೋಡುತ್ತಿದ್ದರಂತೆ, ಅದರಲ್ಲಿ ಆ ಬಂಗಲೆಯಿಂದ ಏನು ತಂದಿದ್ದಾಳೋ ಎಂಬಂತೆ.

ಮುಂದಿನ ಭಾನುವಾರ ಮಹಾದೇವಮ್ಮ ಮೊರ ಇಟ್ಟುಕೊಂಡು ಕೂತಾಗ ಹಂಸಿನಿ ಅವರೆದುರು ನೆಲದ ಮೇಲೆ ಕೂತಳು. ಬ್ಯಾಗಿನಿಂದ ಹಸಿರು ಹತ್ತಿಯನ್ನು ತೆಗೆದು ತೋರಿಸಿದಳು. ಇದನ್ನು ನನ್ನ ಅಪ್ಪ ಹಚ್ಚಿದ್ದು, ಹಚ್ಚಿಸಿದ್ದು ಯಾರು ಅಜ್ಜಿ ಎಂದು ಕೇಳಿದಳು.

"ನಾನೇ ಕಣವ್ವ" ಎಂದರು ಮಹಾದೇವಮ್ಮ.

ಅಂದು ಮುದುಕಿ ಹೇಳಿದ್ದನ್ನು ಹಂಸಿನಿ ನನಗೆ ಹೇಳಿದಳು. ನಾನು ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ.

ಮಹಾದೇವಮ್ಮ ಶನಿವಾರಸಂತೆ ಕಡೆಯ ಹಳ್ಳಿಯವರು. ಮಹದೇವಪ್ಪನವರ ಹೆಂಡತಿಯಾಗಿ ಈ ಬಂಗಲೆಗೆ ಬಂದಾಗ ಹದಿನೆಂಟು. ತವರಿನಲ್ಲಿ ಜಮೀನಿತ್ತು, ಮರ್ಯಾದೆ ಇತ್ತು. ಆದರೆ ಹುಡುಗಿ ಕಪ್ಪು. ಮದುವೆಯಾದ ಹೊಸತರಲ್ಲಿ ನೆಂಟರನ್ನು ಕರೆದು ಊಟ ಹಾಕಿದ ದಿನ, ಗಂಡನ ಚಿಕ್ಕಮ್ಮ ಒಬ್ಬಳು ದೀಪ ಎತ್ತಿ ಗೋಡೆಯ ಮೇಲಿನ ಚಿತ್ರಕ್ಕೆ ಹಿಡಿದು, ನೋಡ್ರೇ, ನಮ್ಮ ಸೊಸೆಯ ಅಕ್ಕ ಮೊದಲೇ ಬಂದು ಇಲ್ಲಿ ಕೆಲಸಕ್ಕೆ ಸೇರಿದಾಳೆ ಎಂದಳು. ಚಿತ್ರದಲ್ಲಿ ದೊರೆಸಾನಿಯ ಹಿಂದೆ ಮಗುವನ್ನು ಹಿಡಿದು ನಿಂತಿದ್ದ ಆಯಾಳನ್ನು ತೋರಿಸಿ ಆಡಿದ ಮಾತು. ಎಲ್ಲರೂ ನಕ್ಕರು. ಮಹದೇವಪ್ಪನವರೂ ನಕ್ಕರು. ಅವತ್ತಿನಿಂದ ಅತ್ತೆ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಆಯಾ, ನೀರು ತಾ. ಆಯಾ, ಬಂದವರಿಗೆ ಕಾಫಿ ಕೊಡು. ಹೊರಗಿನವರು ಬಂದರೆ, ಹಾಲಿಗೆ ಬರಬೇಡ, ಮನೆಯ ಸೊಸೆ ಯಾರು ಕೆಲಸದವಳು ಯಾರು ಅಂತ ಜನಕ್ಕೆ ಗೊತ್ತಾಗಲ್ಲ ಎನ್ನುವುದು.

"ಅವೆಲ್ಲ ಸಹಿಸ್ಕೊಂಡೆ. ನನ್ನ ಮಗ ಮಾತು ಕಲಿಯೋ ಹೊತ್ತಿಗೆ, ಮನೇಲಿ ಎಲ್ರೂ ಕರೆಯೋದ್ನೇ ಕಲ್ತ. ಅವ್ವ ಅನ್ನಲಿಲ್ಲ ಕಣವ್ವ. ಆಯಾ ಅಂದ. ಎಲ್ರೂ ಅವನನ್ನ ಎತ್ತಿ ಮುದ್ದಾಡಿದ್ರು."

ಅತ್ತೆ ಶ್ರೀಶೈಲದ ಯಾತ್ರೆಗೆ ಹೋದ ಸಮಯ ನೋಡಿ ಮಹಾದೇವಮ್ಮ ಮಡಿಕೇರಿಯ ಶಾಲೆಗೆ ಹೊಸದಾಗಿ ಬಂದಿದ್ದ ಡ್ರಾಯಿಂಗ್ ಮೇಷ್ಟ್ರನ್ನು ಕರೆಸಿದರು. ಆ ಹೆಂಗಸನ್ನು ಮುಚ್ಚಬೇಕು, ಯಾರು ಹೇಳಿದ್ದೆಂದು ಯಾರಿಗೂ ಹೇಳಬಾರದು ಎಂದರು. ಇಪ್ಪತ್ತೈದು ತುಂಬಿರದ ಜನಾರ್ದನ ಮೇಷ್ಟ್ರು ಹಿಂದಿನ ಪರದೆಯನ್ನೇ ಮುಂದಕ್ಕೆ ತಂದು ಮುಖದಿಂದ ಶುರುಮಾಡಿ ಕೆಳಗೆ ಬಂದರು. ಅವರ ಕೈ ಆಡುತ್ತಿದ್ದ ರೀತಿಯನ್ನೇ ಹಂಸಿನಿಯ ಕೈಯಲ್ಲೂ ಕಂಡು ಮುದುಕಿ ಅವಳನ್ನು ಗುರುತು ಹಿಡಿದದ್ದಂತೆ. ಕೈ ಒಂದು ಉಳಿದಾಗ ಮಹಾದೇವಮ್ಮ ಬೇಡ ಎಂದರು.

ಯಾಕೆ ಎಂದು ಕೇಳಿದಳು ಹಂಸಿನಿ.

"ಕೈ ತೆಗೆದ್ರೆ ಮಗು ಬೀಳ್ತದಲ್ಲ" ಎಂದರು ಅವರು, ಇದನ್ನೂ ಕೇಳಬೇಕೇ ಎನ್ನುವ ಹಾಗೆ.

ಅತ್ತೆ ಬಂದು ರಂಪ ಮಾಡಿದರು. ಕೆಲಸದವರ ಮೇಲೆ, ಲೈನಿನವರ ಮೇಲೆ ಅನುಮಾನ ಪಟ್ಟರು. ಸೊಸೆ ಬಾಯಿ ಬಿಡಲಿಲ್ಲ, ಮೇಷ್ಟ್ರೂ ಕೊಟ್ಟ ಮಾತು ಮುರಿಯಲಿಲ್ಲ. ಚಿತ್ರದಲ್ಲಿ ಆಯಾ ಇಲ್ಲವಾದ ಮೇಲೆ ಮನೆಯಲ್ಲಿ ಆ ಹೆಸರು ಹೋಯಿತೇ ಎಂದರೆ ಹೋಗಲಿಲ್ಲ. ಅತ್ತೆ ಸಾಯುವವರೆಗೂ ಕರೆದರು.

ಹಂಸಿನಿಗೆ ತನ್ನ ಕತೆಯೆಲ್ಲ ಬುಡಮೇಲಾದಂತೆ ಆಯಿತು. ದೊರೆಸಾನಿ ಆಯಾಳನ್ನು ಅಳಿಸಿರಲಿಲ್ಲ. ಅಳಿಸಿದ್ದು ಆಯಾಳಂತೆಯೇ ಕಪ್ಪಾಗಿದ್ದ ಇನ್ನೊಬ್ಬ ಹೆಂಗಸು. ಪರಂಗಿಯವರು ಗೋಡೆಗೆ ಹಾಕಿ ಹೋದ ಚಿತ್ರವನ್ನು ಹಿಡಿದುಕೊಂಡು ನಮ್ಮವರು ತಮ್ಮ ಮನೆಯೊಳಗೇ ದೊರೆಸಾನಿಯ ಕೆಲಸ ಮಾಡಿದ್ದರು. ಪುಸ್ತಕಗಳಲ್ಲಿ ಓದಿದ್ದು ಸುಳ್ಳಾಗಿರಲಿಲ್ಲ. ಆದರೆ ಅದರಲ್ಲಿ ಮಹಾದೇವಮ್ಮ ಇರಲಿಲ್ಲ. ನಾನು ಇದನ್ನು ಓದಬೇಕು ಅಕ್ಕ, ಸರಿಯಾಗಿ ಓದಬೇಕು ಎಂದು ಅವಳು ಮೊದಲ ಸಲ ನನಗೆ ಹೇಳಿದ್ದು ಆಗ.

ಅಷ್ಟರಲ್ಲಿ ಚೇತನ್‌ಕುಮಾರನಿಗೆ ವಿಷಯ ತಿಳಿಯಿತು. ಹಂಸಿನಿ ಇಳಿಬಿಟ್ಟಿದ್ದ ಬಟ್ಟೆಯನ್ನು ಶ್ರೀರಾಮ್ ಸರಿಸಿ ಸೀರೆಯ ಅಂಚನ್ನು ನೋಡಿಬಿಟ್ಟಿದ್ದ. ಹಂಸಿನಿ ಜಗಳಕ್ಕೆ ತಯಾರಾಗಿ ಹೋದರೆ ಅವನು ಖುಷಿಯಲ್ಲಿದ್ದ. ಇಂಥದ್ದಕ್ಕೇ ಈಗ ಜನ ಬರೋದು ಮೇಡಂ, ಪೂರ್ತಿ ತೆಗೆದುಬಿಡಿ, ಪಕ್ಕದಲ್ಲಿ ಒಂದು ಬೋರ್ಡು ಹಾಕೋಣ, ಆಯಾಗೆ ಒಂದು ಹೆಸರು ನೀವೇ ಹುಡುಕಿ ಇಡಿ ಎಂದ. ಯಾರು ಮುಚ್ಚಿಸಿದ್ದು ಎಂದು ಅವನು ಕೇಳಲಿಲ್ಲ. ಅವನಿಗೆ ನಿಜವಾಗಿ ಗೊತ್ತಿಲ್ಲವೋ, ಗೊತ್ತಿದ್ದೂ ನಾಟಕವೋ ಎಂದು ಹಂಸಿನಿಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ತೆಗೆಯುವುದೋ ಬಿಡುವುದೋ ಎಂದು ಅವಳು ಕೇಳಿದ್ದು ಮಹಾದೇವಮ್ಮನನ್ನು. ಅವರು ಒಂದೆರಡು ವಾರ ಉತ್ತರ ಕೊಡಲಿಲ್ಲ. ಅವಳು ಹೊರಗೆ ಬಂದರೆ ಮತ್ತೆ ನನ್ನನ್ನ ಅವಳ ಪಕ್ಕ ನಿಲ್ಲಿಸ್ತಾರೆ, ಈಗ ಎಲ್ರ ಕೈಲೂ ಫೋನಿದೆ ಎಂದು ಒಮ್ಮೆ ಅಂದರು. ಕೊನೆಗೆ ಒಂದು ದಿನ, ತೆಗಿ, ಆದರೆ ಹಾಲಿನ ಬಾಗಿಲು ಹಾಕು, ನಾನೊಬ್ಬಳು ಇರ್ತೀನಿ ಎಂದರು.

ಆ ಕೆಲಸ ಕಾಫಿ ಹಣ್ಣು ಕೊಯ್ಯುವ ಕಾಲದವರೆಗೂ ನಡೆಯಿತು. ತೋಳು, ಸೀರೆ, ಭುಜ. ಮಹಾದೇವಮ್ಮ ಅಕ್ಕಿ ಆರಿಸುವ ನೆಪ ಬಿಟ್ಟು ಕುರ್ಚಿ ಎಳೆದುಕೊಂಡು ಎದುರಿಗೇ ಕೂರುತ್ತಿದ್ದರು. ಕೈ ಸೋತಾಗ ಹಂಸಿನಿ ಅವರ ಮುಖವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಅವರು ಬೇಡವೆನ್ನಲಿಲ್ಲ, ನೋಡಬೇಕೆಂದೂ ಕೇಳಲಿಲ್ಲ. ಕೊನೆಯಲ್ಲಿ ಆಯಾಳ ಮುಖ ಬಂತು. ನಡುವಯಸ್ಸು ದಾಟಿದ ಹೆಂಗಸು, ಗುಂಡು ಮುಖ, ದಪ್ಪ ಮೂಗು, ಕೆನ್ನೆಯ ಮೇಲೆ ಸಿಡುಬಿನ ಕಲೆಗಳು. ಮಹಾದೇವಮ್ಮನದು ಉದ್ದ ಮುಖ, ಚೂಪು ಗಲ್ಲ. ಮುದುಕಿ ಎದ್ದು ಹತ್ತಿರ ಬಂದು ನಿಂತರು. ಮದುವೆಯಾಗಿ ಬಂದಾಗಿನಿಂದ ಆ ಮುಖವನ್ನು ಅವರು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲವಂತೆ. ಆವತ್ತು ತುಂಬ ಹೊತ್ತು ನೋಡಿದರು.

"ಇವಳು ಒಂಚೂರೂ ನನ್ನಂಗಿಲ್ವಲ್ಲವ್ವ" ಎಂದರು. ಆಮೇಲೆ ಹೋಗಿ ಕೂತರು. ಹಂಸಿನಿ ಅವರಿಗೆ ನೀರು ತಂದುಕೊಟ್ಟಳು. ಅವರು ಕುಡಿಯಲಿಲ್ಲ.

ಚೇತನ್‌ಕುಮಾರ್ ಚಿತ್ರದ ಕೆಳಗೆ ಹಿತ್ತಾಳೆಯ ಬೋರ್ಡು ಹಾಕಿಸಿದ. ಅದರಲ್ಲಿ ಆಯಾಳಿಗೆ ಒಂದು ಹೆಸರು, ದೊರೆಸಾನಿ ಅವಳನ್ನು ಸ್ವಂತ ತಂಗಿಯಂತೆ ನೋಡಿಕೊಳ್ಳುತ್ತಿದ್ದಳೆಂಬ ಒಂದು ಸಾಲು. ಎರಡೂ ಅವನೇ ಕಟ್ಟಿದ್ದು. ಹಂಸಿನಿ ತೆಗೆಸಲು ಹೇಳಿದಳು. ಅವನು ನಕ್ಕ. ಅಲ್ಲಿಗೆ ಅವರಿಬ್ಬರ ಮಾತು ಮುಗಿಯಿತು.

ಮರುವರ್ಷ ಅವಳು ಸಂಬಳವಿಲ್ಲದ ರಜೆ ಹಾಕಿ ಮೈಸೂರಿಗೆ ಹೋದಳು, ಆಮೇಲೆ ಕೆಲಸವನ್ನೇ ಬಿಟ್ಟಳು. ಡಾಕ್ಟರೇಟಿಗೆ ಸೇರುವ ಸಂದರ್ಶನದಲ್ಲಿ ಒಬ್ಬ ಪ್ರೊಫೆಸರು, ಚಿತ್ರ ಬರೆಯುವವರಿಗೆ ಜನಾಂಗ, ವಸಾಹತು, ಲಿಂಗ ಎಂಬ ಈ ಮಾತುಗಳೆಲ್ಲ ಯಾಕೆ, ಈಗ ಇದಕ್ಕೆ ಬೇಡಿಕೆ ಇದೆ ಅಂತಲಾ ಎಂದು ಕೇಳಿದರಂತೆ. ಅವಳು ಮಹಾದೇವಮ್ಮನ ಹೆಸರು ಹೇಳದೆ ಆ ಮನೆಯ ಕತೆ ಹೇಳಿದಳು. ಸೇರಿಸಿಕೊಂಡರು. ಪ್ರೊಫೆಸರಿಗೆ ಕತೆ ನಂಬಿಕೆಯಾಯಿತೋ ಇಲ್ಲವೋ ಗೊತ್ತಿಲ್ಲ.

ತಂದೆಯ ಜೊತೆ ಅವಳು ಒಂದೇ ಸಲ ಆ ಮಾತೆತ್ತಿದ್ದು. ನಾನು ಅಲ್ಲೇ ಇದ್ದೆ. ಆ ಹುಡುಗಿ ಅಳ್ತಾ ಇತ್ತು, ನನಗೆ ಬರೋದು ಬಣ್ಣ ಹಚ್ಚೋದು, ಹಚ್ಚಿ ಬಂದೆ, ಅದರಲ್ಲಿ ತಪ್ಪೇನು ಎಂದರು ಮೇಷ್ಟ್ರು. ತಪ್ಪು ಎಂದು ಹಂಸಿನಿ ಹೇಳಲಿಲ್ಲ. ಸರಿ ಎಂದೂ ಹೇಳಲಿಲ್ಲ. ಅವರು ಕಾಯುತ್ತಿದ್ದರು. ಪದ್ಮಾಕ್ಷಿಯಮ್ಮ ಎದ್ದು ಹೋಗಿ ಟಿವಿ ಹಾಕಿದರು.

ಮಹಾದೇವಮ್ಮ ತೀರಿಕೊಂಡದ್ದು ಕೊರೊನಾ ಮುಗಿದ ಮೇಲಿನ ಮಳೆಗಾಲದಲ್ಲಿ. ಅವರ ಶಿವಗಣಾರಾಧನೆಗೆ ಹಂಸಿನಿ ನನ್ನನ್ನೂ ಕರೆದುಕೊಂಡು ಹೋದಳು. ಹಾಲಿನಲ್ಲಿ ಹೂವಿನ ಹಾರ ಹಾಕಿ ಅವರ ದೊಡ್ಡ ಫೋಟೋ ಇಟ್ಟಿದ್ದರು. ನಾನು ಅವರನ್ನು ಎಂದೂ ನೋಡಿರಲಿಲ್ಲ, ಹಾಗಾಗಿ ಕೈಮುಗಿದೆ. ಹಂಸಿನಿ ಕೈಮುಗಿಯದೆ ನಿಂತೇ ಇದ್ದಳು. ಫೋಟೋದಲ್ಲಿದ್ದ ಅಜ್ಜಿ ಗೋಧಿಬಣ್ಣವೂ ಅಲ್ಲ, ಅಚ್ಚ ಬಿಳುಪು. ಅದು ಅವರ ಬಣ್ಣ ಅಲ್ಲವಲ್ಲ ಎಂದು ಚೇತನ್‌ಕುಮಾರನನ್ನು ಮೆಲ್ಲಗೆ ಕೇಳಿದಳು. ನಾವೇನೂ ಹೇಳಿಲ್ಲ ಮೇಡಂ, ಸ್ಟುಡಿಯೋದವರು ಯಾವಾಗಲೂ ಹಾಗೇ ಮಾಡಿ ಕೊಡ್ತಾರೆ ಎಂದ. ಅವಳು ಬ್ಯಾಗಿನಲ್ಲಿ ಪೆನ್ಸಿಲಿನ ಚಿತ್ರವೊಂದನ್ನು ಫ್ರೇಮು ಹಾಕಿಸಿ ತಂದಿದ್ದಳು. ಅದನ್ನು ಕೊಟ್ಟಳು. ಅವನು ತುಂಬ ಚೆನ್ನಾಗಿದೆ ಎಂದು ಹೇಳಿ ಗೋಡೆಯ ಕಡೆಗೆ ಮುಖ ಮಾಡಿ ಒಂದು ಮೂಲೆಯಲ್ಲಿ ಇಟ್ಟ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದಳು. ತಾನು ಆ ಅಜ್ಜಿಯ ಕತೆಯಿಂದ ಡಾಕ್ಟರೇಟ್ ತೆಗೆದುಕೊಂಡೆ, ತನಗೂ ಚೇತನ್‌ಕುಮಾರನಿಗೂ ಎಷ್ಟು ವ್ಯತ್ಯಾಸ ಇದೆ ಎಂದು ಆಗಾಗ ಸಂಶಯ ಬರುತ್ತದೆ ಎಂದಳು.

ಆ ಸಂಶಯದಿಂದಲೇ ಇರಬೇಕು, ಈಗ ಅವಳ ಕೆಲಸದ ರೀತಿ ಬೇರೆಯಾಗಿದೆ. ಯಾರ ಚಿತ್ರ ಬರೆದರೂ ಅದನ್ನು ತರುವುದಿಲ್ಲ, ಬರೆಸಿಕೊಂಡವರಿಗೇ ಬಿಟ್ಟು ಬರುತ್ತಾಳೆ. ಅವರು ಒಪ್ಪಿದರೆ ಮಾತ್ರ ಒಂದು ಪ್ರತಿ. ಹೋದ ಬೇಸಿಗೆಯಿಂದ ತಿತಿಮತಿಯ ಕಾಡಂಚಿನಲ್ಲಿರುವ ಬುಡಕಟ್ಟು ಜನರ ಹಾಡಿಗೆ ಹೋಗುತ್ತಿದ್ದಾಳೆ. ಅಲ್ಲಿಯ ಹೆಂಗಸರ ಅಜ್ಜಿಯಂದಿರನ್ನು ಬ್ರಿಟಿಷ್ ಅಧಿಕಾರಿಗಳು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಜನರ ಹೆಸರಿನ ಬದಲು ಜಾತಿಯ ಹೆಸರು ಬರೆದಿದ್ದರು. ಆ ಫೋಟೋಗಳನ್ನು ಅವರಿಗೆ ತೋರಿಸಬೇಕೆಂದು ಅವಳ ಆಸೆ. ಹಾಡಿಯವರು ಇನ್ನೂ ಅವಳನ್ನು ನಂಬಿಲ್ಲ. ಅರಣ್ಯ ಇಲಾಖೆಯವಳಿರಬೇಕು ಎಂದು ಕೆಲವರಿಗೆ, ಒಕ್ಕಲೆಬ್ಬಿಸಲು ಬಂದವಳು ಎಂದು ಕೆಲವರಿಗೆ ಗುಮಾನಿ. ಅವಳು ಹೋಗಿ ಜಗಲಿಯ ಮೇಲೆ ಕೂತು ಬರುತ್ತಾಳೆ.

ಕಳೆದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಕಾಳಿ ಎಂಬ ಮುದುಕಿ ಮೊದಲ ಸಲ ಎದುರಿಗೆ ಕೂತಳು. ಹಂಸಿನಿ ಬರೆದು ಮುಗಿಸಿ ಹಾಳೆಯನ್ನು ಕೊಟ್ಟಳು. ಕಾಳಿ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು, ಮೂಗು ತನ್ನದಲ್ಲ ಎಂದಳು. ಹಂಸಿನಿ ಪೆನ್ಸಿಲು ಚಾಚಿದಳು, ಎಲ್ಲಿ ತಪ್ಪಿದೆ ಎಂದು ಅವಳೇ ತೋರಿಸಲಿ ಎಂದು. ಕಾಳಿ ಪೆನ್ಸಿಲನ್ನು ಮುಟ್ಟಲಿಲ್ಲ. ಹಾಳೆಯನ್ನು ಎದೆಗೆ ಒತ್ತಿಕೊಂಡು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಸ್ವಲ್ಪ ಹೊತ್ತು ಕೂತಿದ್ದು, ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆವು.